ಆಮ್ಲಜನಕ ಎಂಬ ಹೆಸರಿನ ಹಿಂದೆ

2021ರ ಬೇಸಿಗೆಯಲ್ಲಿ ದಿಲ್ಲಿಯಿಂದ ಚಾಮರಾಜನಗರದವರೆಗೆ ಎಲ್ಲರ ಬಾಯಲ್ಲೂ ಒಂದೇ ಪದ. ಮನೆಯವರಿಗಾಗಿ ಒಂದು ಸಿಲಿಂಡರು ಸಿಕ್ಕೀತೇ ಎಂದು ರಾತ್ರಿಯೆಲ್ಲ ಫೋನು ಮಾಡಿ ಸೋತವರು ನಮ್ಮಲ್ಲಿಯೂ ಇದ್ದಾರೆ. ಕನ್ನಡ ಪತ್ರಿಕೆಗಳ ತಲೆಬರಹಗಳಲ್ಲಿ ಅದು 'ಆಮ್ಲಜನಕ'. ಮುಂಬಯಿ, ಪುಣೆಗಳ ನೆರೆಹೊರೆಯವರ ಬಾಯಲ್ಲಿ 'ಪ್ರಾಣವಾಯು'. ಮರಾಠಿಯ ಹೆಸರು ತಾನು ಮಾಡುವ ಕೆಲಸವನ್ನು ನೇರವಾಗಿ ಹೇಳುತ್ತದೆ. ನಮ್ಮ ಹೆಸರನ್ನು ಒಡೆದು ನೋಡಿದರೆ ಮಾತ್ರ ವಿಚಿತ್ರವೆನಿಸುತ್ತದೆ: ಆಮ್ಲಕ್ಕೆ ಜನಕ, ಅಂದರೆ ಹುಳಿಯನ್ನು ಹುಟ್ಟಿಸಿದ ತಂದೆ. ಉಸಿರಾಡುವ ಗಾಳಿಗೂ ಹುಣಸೆಯ ಹುಳಿಗೂ ಎಲ್ಲಿಯ ನಂಟು?

ನಿಜ ಹೇಳಬೇಕೆಂದರೆ ಅಂಥ ಪಿತೃತ್ವದ ನಂಟೇನೂ ಇಲ್ಲ. ಸುಮಾರು ಇನ್ನೂರೈವತ್ತು ವರ್ಷಗಳ ಹಿಂದೆ ಪ್ಯಾರಿಸ್ ನಗರದಲ್ಲಿ ಒಬ್ಬ ಮಹಾಮೇಧಾವಿ ಮಾಡಿದ ತಪ್ಪು ಈ ಹೆಸರಿನಲ್ಲಿ ಹುದುಗಿ ಕುಳಿತಿದೆ. ಹುಳಿ ಎಂದರೇನು, ಅದರ ಎದುರಾಳಿಯಾದ ಕ್ಷಾರವೆಂದರೇನು ಎಂಬುದು ನೋಡಲು ಅಡಿಗೆಮನೆಯ ಪ್ರಶ್ನೆ. ಆದರೆ ಅದಕ್ಕೆ ಸರಿಯಾದ ಉತ್ತರ ದೊರೆಯಲು ಶತಮಾನಗಳೇ ಹಿಡಿದವು. ಉತ್ತರ ದೊರೆತ ಮೇಲೆಯೂ ಒಮ್ಮೆ, ಅದೇ ಉತ್ತರ ಹುಟ್ಟಿದ ಊರಿನಲ್ಲಿಯೇ, ಆಮ್ಲವನ್ನು ಕ್ಷಾರವೆಂದು ತಿಳಿದದ್ದರಿಂದ ರೋಗಿಗಳು ಸಾಲುಸಾಲಾಗಿ ಸತ್ತರು. ಆ ಕಥೆಗೆ ಬರುವ ಮುನ್ನ ಮೊದಲಿನಿಂದ ನೋಡೋಣ.

ಮೊದಲ ಪ್ರಯೋಗಾಲಯ ನಾಲಿಗೆ. ನಿಂಬೆ, ಹುಣಸೆ, ಮಾವಿನಕಾಯಿ, ಹುಳಿಮಜ್ಜಿಗೆ ಇವೆಲ್ಲ ಒಂದು ಜಾತಿಯವೆಂದು ತಿಳಿಯಲು ಯಾವ ಶಾಸ್ತ್ರವೂ ಬೇಡ. ಹಿತ್ತಾಳೆಯ ಬಿಂದಿಗೆಗೆ ಹುಣಸೆಹಣ್ಣು, ಜಿಡ್ಡಿನ ಪಾತ್ರೆಗೆ ಒಲೆಯ ಬೂದಿ ಎಂಬುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಇದಕ್ಕಿಂತ ಸೊಗಸಾದ ಪ್ರಯೋಗವೊಂದನ್ನು ನಾವು ಇಂದಿಗೂ ಮದುವೆಯ ಮನೆಗಳಲ್ಲಿ ಮಾಡುತ್ತೇವೆ. ಅರಿಶಿನ ಕದಡಿದ ನೀರಿಗೆ ಒಂದಿಷ್ಟು ಸುಣ್ಣ ಬೆರೆಸಿದೊಡನೆ ನೀರು ರಕ್ತದ ಹಾಗೆ ಕೆಂಪಾಗುತ್ತದೆ. ಅದನ್ನೇ ತಟ್ಟೆಯಲ್ಲಿಟ್ಟು ವಧೂವರರಿಗೆ ಆರತಿ ಎತ್ತುತ್ತೇವೆ. ಓಕುಳಿ ಎನ್ನುವವರುಂಟು, ಕರಾವಳಿಯವರು ಕುರ್ದಿ ಎನ್ನುತ್ತಾರೆ. ಆರತಿಯಾದ ಮೇಲೆ ಆ ನೀರನ್ನು ಚೆಲ್ಲುವ ಬದಲು ಅದಕ್ಕೆ ನಿಂಬೆಹಣ್ಣು ಹಿಂಡಿ ನೋಡಿದರೆ ಕೆಂಪು ಮಾಯವಾಗಿ ಮತ್ತೆ ಹಳದಿ ಬರುತ್ತದೆ. ಸಾರಿನ ಕಲೆಯಾದ ಬಿಳಿ ಅಂಗಿಗೆ ಸೋಪು ಹಚ್ಚಿದಾಗ ಕಲೆ ಕೆಂಪಾಗಿ ಗಾಬರಿ ಹುಟ್ಟಿಸುವುದೂ ಇದೇ ಕಾರಣದಿಂದ. ಸುಣ್ಣ, ಸೋಪು ಎರಡೂ ಕ್ಷಾರಗಳು. ಅರಿಶಿನಕ್ಕೆ ಕ್ಷಾರದ ಗುರುತು ಹಿಡಿಯುವ ಗುಣವಿದೆ.

ಕ್ಷಾರದ ವಿಷಯದಲ್ಲಿ ನಮ್ಮ ಪ್ರಾಚೀನರು ಬಣ್ಣಕ್ಕಿಂತ ಬಹಳ ಮುಂದೆ ಹೋಗಿದ್ದರು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಕ್ಷಾರ ತಯಾರಿಕೆಗೆಂದೇ ಒಂದು ಅಧ್ಯಾಯ ಮೀಸಲಾಗಿದೆ. ಗೊತ್ತಾದ ಮರಗಿಡಗಳನ್ನು ಸುಟ್ಟು ಬೂದಿ ಮಾಡಿ, ಬೂದಿಯನ್ನು ನೀರಿನಲ್ಲಿ ಕದಡಿ, ಮತ್ತೆ ಮತ್ತೆ ಸೋಸಿ ಕುದಿಸಬೇಕು. ಹರಿತ ಹೆಚ್ಚಬೇಕಾದರೆ ಸುಟ್ಟ ಸುಣ್ಣದ ಕಲ್ಲು, ಚಿಪ್ಪುಗಳನ್ನು ಸೇರಿಸಬೇಕು. ಹೀಗೆ ಮೃದು, ಮಧ್ಯಮ, ತೀಕ್ಷ್ಣ ಎಂದು ಮೂರು ದರ್ಜೆ. ಕತ್ತಿಯ ಬದಲು ಈ ಕ್ಷಾರದಿಂದಲೇ ಮೂಲವ್ಯಾಧಿ ಮೊದಲಾದವುಗಳ ಗಂಟುಗಳನ್ನು ಸುಡುತ್ತಿದ್ದರು. ಸುಟ್ಟ ಜಾಗದ ಉರಿಯನ್ನು ಆರಿಸಲು ಹುಳಿ ಪದಾರ್ಥವನ್ನು ಹಾಕಬೇಕೆಂದು ಗ್ರಂಥ ಹೇಳುತ್ತದೆ. ಅಷ್ಟಕ್ಕೆ ನಿಲ್ಲದೆ ಒಂದು ಪ್ರಶ್ನೆಯನ್ನೂ ಎತ್ತುತ್ತದೆ: ಹುಳಿಯೂ ಬೆಂಕಿಯ ಸ್ವಭಾವದ್ದೇ, ಅದು ಕ್ಷಾರದ ಬೆಂಕಿಯನ್ನು ಹೇಗೆ ಶಮನ ಮಾಡೀತು? ಕ್ಷಾರವು ಹುಳಿಯೊಡನೆ ಕೂಡಿದಾಗ ತನ್ನ ತೀಕ್ಷ್ಣತೆಯನ್ನು ಬಿಟ್ಟುಕೊಟ್ಟು, ನೀರೆರೆದ ಬೆಂಕಿಯಂತೆ ಶಾಂತವಾಗುತ್ತದೆ ಎಂಬುದು ಅಲ್ಲಿಯ ಉತ್ತರ. ಎರಡು ಉಗ್ರ ವಸ್ತುಗಳು ಒಂದರ ಉಗ್ರತೆಯನ್ನು ಇನ್ನೊಂದು ಕಳೆಯುತ್ತವೆ ಎಂಬ ತಿಳಿವಳಿಕೆ ಇದು. ಆಚಾರ್ಯ ಪ್ರಫುಲ್ಲಚಂದ್ರ ರಾಯರು 1902ರಲ್ಲಿ ಪ್ರಕಟಿಸಲು ತೊಡಗಿದ ತಮ್ಮ ಹಿಂದೂ ರಸಾಯನಶಾಸ್ತ್ರದ ಇತಿಹಾಸದಲ್ಲಿ ಈ ಭಾಗವನ್ನು ವಿಶೇಷವಾಗಿ ಮೆಚ್ಚಿಕೊಂಡಿದ್ದಾರೆ. ಹಾಗೆಂದು ಎಲ್ಲವೂ ನಮ್ಮವರಿಗೆ ಮೊದಲೇ ಗೊತ್ತಿತ್ತೆಂದು ಎದೆ ತಟ್ಟಿಕೊಳ್ಳುವುದು ಬೇಡ. ಕೂಡಿದರೆ ಶಾಂತವಾಗುತ್ತವೆ ಎಂಬುದು ಗೊತ್ತಿತ್ತು, ಏಕೆ ಎಂಬುದು ಯಾರಿಗೂ ಗೊತ್ತಿರಲಿಲ್ಲ.

ಇಂಗ್ಲಿಷಿನ ಆಲ್ಕಲಿ ಎಂಬ ಪದದ ಮೂಲವೂ ಬೂದಿಯೇ. ಅರಬ್ಬಿಯ 'ಅಲ್ ಕಲಿ' ಎಂದರೆ ಉಪ್ಪುನೆಲದ ಗಿಡಗಳನ್ನು ಸುಟ್ಟ ಬೂದಿ. ಅರಬ್ಬರೂ ಅವರ ಹಿಂದೆ ಬಂದ ಯೂರೋಪಿನ ರಸವಾದಿಗಳೂ ಚಿನ್ನ ಮಾಡಲು ಹೊರಟು, ಚಿನ್ನವನ್ನಂತೂ ಕಾಣದೆ, ದಾರಿಯಲ್ಲಿ ಗಂಧಕಾಮ್ಲ, ನೈಟ್ರಿಕ್ ಆಮ್ಲಗಳಂಥ ಉಗ್ರ ದ್ರವಗಳನ್ನು ಕಂಡರು. ನಾಲಿಗೆಯ ಕಾಲ ಅಲ್ಲಿಗೆ ಮುಗಿಯಿತು. ಗಂಧಕಾಮ್ಲವನ್ನು ನೆಕ್ಕಿ ನೋಡಿ ಹುಳಿಯೋ ಅಲ್ಲವೋ ಹೇಳುವವನು ಎರಡನೆಯ ಸಲ ಹೇಳಲಾರ.

ಬಣ್ಣದಿಂದ ಗುರುತಿಸುವ ಮಾರ್ಗವನ್ನು ಒಂದು ಶಾಸ್ತ್ರದ ನಿಯಮವಾಗಿ ನಿಲ್ಲಿಸಿದವನು ಇಂಗ್ಲೆಂಡಿನಲ್ಲಿ ನೆಲೆಸಿದ್ದ ರಾಬರ್ಟ್ ಬಾಯ್ಲ್. 1664ರಲ್ಲಿ ಹೊರಬಂದ ಬಣ್ಣಗಳ ಕುರಿತ ತನ್ನ ಪುಸ್ತಕದಲ್ಲಿ ಆತ ನೇರಳೆ ಬಣ್ಣದ ವಯೊಲೆಟ್ ಹೂವಿನ ಪಾಕದ ಪ್ರಯೋಗವನ್ನು ವಿವರಿಸಿದ. ಅಂದಿನ ಔಷಧದ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತಿದ್ದ ಪಾಕ ಅದು. ಆಮ್ಲ ಬಿದ್ದರೆ ಕೆಂಪು, ಕ್ಷಾರ ಬಿದ್ದರೆ ಹಸಿರು. ಬಣ್ಣ ಬದಲಾಯಿಸುವುದು ಬಣ್ಣಗಾರರಿಗೆ ಮೊದಲೇ ಗೊತ್ತಿದ್ದ ಸಂಗತಿ. ಎಲ್ಲ ಆಮ್ಲಗಳೂ ಹೀಗೆಯೇ, ಎಲ್ಲ ಕ್ಷಾರಗಳೂ ಹಾಗೆಯೇ ವರ್ತಿಸುತ್ತವೆ, ಎರಡೂ ಅಲ್ಲದ ವಸ್ತುಗಳೂ ಇವೆ ಎಂದು ವಿಂಗಡಿಸಿದ್ದು ಬಾಯ್ಲನ ಹೆಚ್ಚುಗಾರಿಕೆ. ಮುಂದೆ ಕಲ್ಲುಹೂವಿನ ಜಾತಿಯ ಸಸ್ಯದಿಂದ ತೆಗೆದ ಲಿಟ್ಮಸ್ ಬಂದು ವಯೊಲೆಟ್ಟನ್ನು ಹಿಂದಕ್ಕೆ ಸರಿಸಿತು. ನಮ್ಮ ಅರಿಶಿನವೂ ಯೂರೋಪಿನ ಪ್ರಯೋಗಾಲಯಗಳಿಗೆ ಹೊಕ್ಕಿತು. ಮೈಕೆಲ್ ಫ್ಯಾರಡೆ 1830ರ ದಶಕದಲ್ಲಿ ವಿದ್ಯುತ್ತಿನ ಪ್ರಯೋಗಗಳನ್ನು ಮಾಡುವಾಗ ಆಮ್ಲಕ್ಕೆ ಲಿಟ್ಮಸ್ ಕಾಗದವನ್ನೂ ಕ್ಷಾರಕ್ಕೆ ಅರಿಶಿನದ ಕಾಗದವನ್ನೂ ಬಳಸುತ್ತಿದ್ದ. ಮದುವೆಮನೆಯ ಆರತಿತಟ್ಟೆಗೂ ಲಂಡನ್ನಿನ ರಾಯಲ್ ಇನ್ಸ್ಟಿಟ್ಯೂಷನ್ನಿಗೂ ಇಷ್ಟು ಹತ್ತಿರದ ಸಂಬಂಧವಿದ್ದೀತೆಂದು ಯಾರಿಗೆ ಗೊತ್ತು!

ಗುರುತು ಹಿಡಿಯುವುದು ಬೇರೆ, ಕಾರಣ ತಿಳಿಯುವುದು ಬೇರೆ. ಹುಳಿಗೆ ಹುಳಿತನ ಬಂದದ್ದು ಯಾವುದರಿಂದ? ಈ ಪ್ರಶ್ನೆಗೆ ಮೊಟ್ಟಮೊದಲು ಪ್ರಯೋಗದ ಬಲದಿಂದ ಉತ್ತರ ಕೊಟ್ಟವನು ಫ್ರಾನ್ಸಿನ ಆಂಟ್ವಾನ್ ಲವಾಸಿಯೆ. ತಕ್ಕಡಿಯನ್ನು ರಸಾಯನಶಾಸ್ತ್ರದ ನ್ಯಾಯಾಧೀಶನನ್ನಾಗಿ ಮಾಡಿದವನು ಆತ. 1772ರಲ್ಲಿ ಗಂಧಕವನ್ನೂ ರಂಜಕವನ್ನೂ ಉರಿಸಿ ತೂಗಿ ನೋಡಿದ. ಉರಿದ ಮೇಲೆ ತೂಕ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು, ಎಂದರೆ ಗಾಳಿಯಿಂದ ಏನೋ ಬಂದು ಸೇರಿತ್ತು. ಹೀಗೆ ಉರಿದು ಬಂದದ್ದನ್ನು ನೀರಿನಲ್ಲಿ ಕರಗಿಸಿದರೆ ಆಮ್ಲ. ಇದ್ದಿಲನ್ನು ಉರಿಸಿ ಬಂದ ಅನಿಲವನ್ನು ಕರಗಿಸಿದರೂ ಆಮ್ಲ. ಗಾಳಿಯಿಂದ ಬಂದು ಸೇರುವ ಆ ಭಾಗವೇ ಎಲ್ಲ ಆಮ್ಲಗಳ ಮೂಲವೆಂದು ಲವಾಸಿಯೆ ತೀರ್ಮಾನಿಸಿ, ಹುಳಿ ಮತ್ತು ಹುಟ್ಟಿಸು ಎಂಬ ಅರ್ಥದ ಗ್ರೀಕ್ ಪದಗಳನ್ನು ಜೋಡಿಸಿ ಅದಕ್ಕೆ ಹೆಸರಿಟ್ಟ. ಅದೇ ಆಕ್ಸಿಜನ್. 1787ರಲ್ಲಿ ಆತನೂ ಗೆಳೆಯರೂ ಸೇರಿ ರಸಾಯನಶಾಸ್ತ್ರದ ಹೊಸ ನಾಮಾವಳಿಯನ್ನು ಹೊರಡಿಸಿದಾಗ ಈ ಹೆಸರು ಗಟ್ಟಿಯಾಗಿ ಬೇರೂರಿತು.

ಆಗ ಗೊತ್ತಿದ್ದ ಆಮ್ಲಗಳಲ್ಲಿ ಬಹುಪಾಲು ಆಕ್ಸಿಜನ್ ಇರುವಂಥವೇ ಆಗಿದ್ದವು, ಆದ್ದರಿಂದ ಇದು ಬುದ್ಧಿಗೇಡಿ ತಪ್ಪಲ್ಲ. ಆದರೆ ಒಂದು ಆಮ್ಲ ಮಾತ್ರ ಮೊದಲಿನಿಂದಲೂ ತಕರಾರು ಮಾಡುತ್ತಿತ್ತು. ಅಡಿಗೆಯ ಉಪ್ಪಿನಿಂದ ಪಡೆಯುವ ಮ್ಯೂರಿಯಾಟಿಕ್ ಆಮ್ಲ, ಇಂದು ನಾವು ಹೈಡ್ರೋಕ್ಲೋರಿಕ್ ಎನ್ನುವುದು. ಏನು ಮಾಡಿದರೂ ಅದರಿಂದ ಆಕ್ಸಿಜನ್ ಹೊರಡಲಿಲ್ಲ. ಇದ್ದೇ ಇರುತ್ತದೆ, ಇನ್ನೂ ಸಿಕ್ಕಿಲ್ಲ ಅಷ್ಟೆ ಎಂದು ಲವಾಸಿಯೆ ನಂಬಿದ. ಸಂಗಡಿಗನಾಗಿದ್ದ ಬರ್ತೊಲೆ ಪ್ರಸಿಕ್ ಆಮ್ಲದಲ್ಲಿ ಆಕ್ಸಿಜನ್ ಕಾಣುವುದಿಲ್ಲವೆಂದು ತೋರಿಸಿದರೂ ಸಿದ್ಧಾಂತ ಅಲುಗಲಿಲ್ಲ. ಲವಾಸಿಯೆಗೆ ಇದನ್ನು ಮರುಪರಿಶೀಲಿಸಲು ಆಯುಸ್ಸೂ ಉಳಿಯಲಿಲ್ಲ. ಅರಸನ ಪರವಾಗಿ ತೆರಿಗೆ ವಸೂಲು ಮಾಡುವ ಕಂಪನಿಯಲ್ಲಿ ಪಾಲುದಾರನಾಗಿದ್ದ ಕಾರಣಕ್ಕೆ ಫ್ರಾನ್ಸಿನ ಕ್ರಾಂತಿ ಆತನನ್ನು 1794ರ ಮೇ 8ರಂದು ಗಿಲೊಟಿನ್‌ಗೆ ಒಪ್ಪಿಸಿತು.

ತಪ್ಪು ಬಯಲಾದದ್ದು ಇಂಗ್ಲೆಂಡಿನ ಹಂಫ್ರಿ ಡೇವಿಯ ಕೈಯಲ್ಲಿ. ಆತ 1807ರಲ್ಲಿ ಬೂದಿಯ ಕ್ಷಾರವಾದ ಪೊಟ್ಯಾಷಿನಲ್ಲಿ ವಿದ್ಯುತ್ತನ್ನು ಹರಿಸಿ ಪೊಟ್ಯಾಸಿಯಂ ಎಂಬ ಹೊಸ ಲೋಹವನ್ನು ಬೇರ್ಪಡಿಸಿದ. ಆ ಲೋಹದೊಡನೆ ಬೆಸೆದುಕೊಂಡಿದ್ದುದು ಯಾವುದು? ಆಕ್ಸಿಜನ್! ಆಮ್ಲದ ಜನಕನೆಂದು ಹೆಸರಾದವನು ಕ್ಷಾರದ ಮನೆಯಲ್ಲಿ ಸಿಕ್ಕಿಬಿದ್ದ. ಮೂರು ವರ್ಷಗಳ ಮೇಲೆ, 1810ರಲ್ಲಿ, ಮ್ಯೂರಿಯಾಟಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ, ಅದರಲ್ಲಿರುವುದು ಜಲಜನಕ ಮತ್ತು ಕ್ಲೋರಿನ್ ಎಂಬ ಮೂಲವಸ್ತು ಎಂದು ಡೇವಿ ಸ್ಥಾಪಿಸಿದ. ಅದೇ ಆಮ್ಲ ನಮ್ಮ ಜಠರದಲ್ಲಿಯೂ ಇದೆಯೆಂದು 1823ರಲ್ಲಿ ವಿಲಿಯಂ ಪ್ರೌಟ್ ಎಂಬ ಲಂಡನ್ನಿನ ವೈದ್ಯ ಕಂಡುಹಿಡಿದ. ಆಕ್ಸಿಜನ್ನಿನ ಸುಳಿವೇ ಇಲ್ಲದ ಆಮ್ಲವನ್ನು ನಾವೆಲ್ಲ ಹೊಟ್ಟೆಯಲ್ಲಿಯೇ ಹೊತ್ತು ತಿರುಗುತ್ತಿದ್ದೇವೆ.

ಸಿದ್ಧಾಂತ ಬಿತ್ತು, ಹೆಸರು ಉಳಿಯಿತು. ಅಷ್ಟೇ ಅಲ್ಲ, ಪ್ರಪಂಚ ಸುತ್ತಿತು. ಜರ್ಮನರ ಝಾವರ್‌ಷ್ಟೋಫ್, ರಷ್ಯನರ ಕಿಸ್ಲೊರೋದ್, ಜಪಾನೀಯರ ಸಾನ್ಸೊ ಎಲ್ಲದರ ಒಳಗೂ ಹುಳಿ ಎಂಬ ಅರ್ಥವೇ ಇದೆ. ಹೈದರಾಬಾದಿನಲ್ಲಿರುವ ನಮ್ಮವರು ತೆಲುಗಿನ ಆಮ್ಲಜನಿಯನ್ನು ಕೇಳಿರಬಹುದು. ಪಾಶ್ಚಾತ್ಯ ವಿಜ್ಞಾನವನ್ನು ಕನ್ನಡಕ್ಕೆ ತಂದ ಹಿರಿಯರು ಗ್ರೀಕ್ ಪದದ ಎರಡು ತುಂಡುಗಳನ್ನು ಸಂಸ್ಕೃತದ ಎರಡು ತುಂಡುಗಳಿಂದ ಅಚ್ಚುಕಟ್ಟಾಗಿ ತುಂಬಿದರು. ಅನುವಾದದಲ್ಲಿ ಲೋಪವಿಲ್ಲ, ತಪ್ಪೂ ಸಹ ಚ್ಯುತಿಯಿಲ್ಲದೆ ಅನುವಾದವಾಗಿದೆ! ಈ ಪದವನ್ನು ಈಗ ಕಿತ್ತುಹಾಕಬೇಕೆಂದು ನಾನು ವಾದಿಸುವವನಲ್ಲ. ಸೂರ್ಯ ಚಲಿಸುವುದಿಲ್ಲವೆಂದು ಗೊತ್ತಾದ ಮೇಲೂ ಸೂರ್ಯೋದಯ ಎನ್ನುತ್ತೇವಲ್ಲ. ಆದರೆ ಮಕ್ಕಳಿಗೆ ಪದವನ್ನು ಬಿಡಿಸಿ ಹೇಳುವಾಗ ಹೆಸರಿನ ಅರ್ಥವೇ ವಸ್ತುವಿನ ಗುಣವೆಂದು ಹೇಳದಿದ್ದರೆ ಸಾಕು.

ಹಾಗಾದರೆ ಹುಳಿಯ ನಿಜವಾದ ಜನಕ ಯಾರು? ಜಲಜನಕ. ಆಮ್ಲವೆಂದರೆ, ಲೋಹಕ್ಕೆ ಎಡೆಮಾಡಿಕೊಡಬಲ್ಲ ಜಲಜನಕವನ್ನು ಹೊಂದಿದ ವಸ್ತು ಎಂದು 1838ರಲ್ಲಿ ಜರ್ಮನಿಯ ಲೀಬಿಗ್ ಹೇಳಿದ. ಆ ಜಲಜನಕ ನೀರಿನಲ್ಲಿ ಏನಾಗುತ್ತದೆ ಎಂಬುದನ್ನು ಬಿಡಿಸಿದವನು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್. ಕೆಲವು ವಸ್ತುಗಳು ನೀರಿನಲ್ಲಿ ಕರಗಿದೊಡನೆ ವಿದ್ಯುದಂಶ ಹೊತ್ತ ತುಣುಕುಗಳಾಗಿ, ಅಂದರೆ ಅಯಾನುಗಳಾಗಿ, ಒಡೆಯುತ್ತವೆ. ಜಲಜನಕದ ಅಯಾನನ್ನು ಬಿಡುವುದು ಆಮ್ಲ, ಜಲಜನಕ ಮತ್ತು ಆಕ್ಸಿಜನ್ ಜೋಡಿಯ ಅಯಾನನ್ನು ಬಿಡುವುದು ಕ್ಷಾರ. ಎರಡೂ ಸೇರಿದರೆ ನೀರು. ಸುಶ್ರುತಸಂಹಿತೆಯ 'ಏಕೆ'ಗೆ ಉತ್ತರ ಇಲ್ಲಿ ದೊರೆಯಿತು. ಈ ಚಿಂತನೆಯ ಬೀಜವಿದ್ದ ಪ್ರಬಂಧವನ್ನು ಅರೇನಿಯಸ್ 1884ರಲ್ಲಿ ಉಪ್ಸಾಲ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದಾಗ ಪರೀಕ್ಷಕರು ಕೆಳದರ್ಜೆ ಕೊಟ್ಟು ಕಳಿಸಿದರು. 1903ರಲ್ಲಿ ಅದೇ ಚಿಂತನೆಗೆ ನೊಬೆಲ್ ಪಾರಿತೋಷಕ ಬಂತು.

ಇನ್ನು ಉಳಿದದ್ದು ಅಳತೆ. ಇದು ಹುಟ್ಟಿದ್ದು ಒಂದು ಬಿಯರ್ ಕಾರ್ಖಾನೆಯಲ್ಲಿ. ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನಲ್ಲಿ ಜೆ. ಸಿ. ಯಾಕೋಬ್ಸೆನ್ ಎಂಬುವನು 1847ರಲ್ಲಿ ಬಿಯರ್ ಕಾರ್ಖಾನೆಯನ್ನು ತೆರೆದು, ಮಗ ಕಾರ್ಲನ ಹೆಸರು ಸೇರಿಸಿ ಅದನ್ನು ಕಾರ್ಲ್ಸ್‌ಬರ್ಗ್ ಎಂದು ಕರೆದಿದ್ದ. ಹುದುಗುವಿಕೆಯ ಮರ್ಮವನ್ನು ಶಾಸ್ತ್ರೀಯವಾಗಿ ತಿಳಿಯಬೇಕೆಂದು 1875ರಲ್ಲಿ ಅದಕ್ಕೊಂದು ಪ್ರಯೋಗಾಲಯವನ್ನು ಕಟ್ಟಿಸಿದ. ಅಲ್ಲಿ ಕಂಡುಹಿಡಿದದ್ದನ್ನು ಗುಟ್ಟಾಗಿಡಕೂಡದು, ಲೋಕಕ್ಕೆಲ್ಲ ಪ್ರಕಟಿಸಬೇಕು ಎಂಬುದು ಆತ ಹಾಕಿದ ಕಟ್ಟಳೆ. ವ್ಯಾಪಾರಿಗಳಲ್ಲಿ ಅಪರೂಪದ ಗುಣವಿದು. 1901ರಿಂದ ಅಲ್ಲಿನ ರಸಾಯನ ವಿಭಾಗದ ಮುಖ್ಯಸ್ಥನಾಗಿದ್ದವನು ಸೋರೆನ್ ಸೋರೆನ್‌ಸೆನ್. ಜೀವಕೋಶಗಳು ತಯಾರಿಸುವ ಕಿಣ್ವಗಳ ಕೆಲಸವು ದ್ರಾವಣ ಎಷ್ಟು ಆಮ್ಲೀಯ ಎಂಬುದನ್ನೇ ಅವಲಂಬಿಸಿದೆಯೆಂದು ಆತನಿಗೆ ಪದೇ ಪದೇ ಕಂಡುಬರುತ್ತಿತ್ತು. ಆದರೆ ಆ 'ಎಷ್ಟು' ಎಂಬುದನ್ನು ಬರೆಯಲು ಹೋದರೆ ಸೊನ್ನೆಗಳ ಸಂತೆ.

ಸೋರೆನ್‌ಸೆನ್ 1909ರಲ್ಲಿ ಮಾಡಿದ ಉಪಾಯ ಬಹು ಸರಳ. ಸೊನ್ನೆಗಳನ್ನು ಬರೆಯಬೇಡಿ, ಎಣಿಸಿ ಹೇಳಿ ಎಂದ. ನಮ್ಮ ಲೆಕ್ಕದಲ್ಲೇ ನೋಡೋಣ. ಶುದ್ಧ ನೀರಿನಲ್ಲಿ ಜಲಜನಕದ ಅಯಾನುಗಳು ಒಂದು ಕೋಟಿ ಲೀಟರಿಗೆ ಒಂದು ಗ್ರಾಮಿನಷ್ಟಿರುತ್ತವೆ. ಕೋಟಿಗೆ ಏಳು ಸೊನ್ನೆ, ಆದ್ದರಿಂದ ನೀರಿನ ಅಂಕ 7. ನಿಂಬೆರಸದಲ್ಲಿ ಸುಮಾರು ನೂರು ಲೀಟರಿಗೆ ಒಂದು ಗ್ರಾಂ; ನೂರಕ್ಕೆ ಎರಡು ಸೊನ್ನೆ, ಅಂಕ 2. ಸುಣ್ಣದ ತಿಳಿನೀರಿನಲ್ಲಿ ಒಂದು ಗ್ರಾಂ ಸಿಗಬೇಕಾದರೆ ಲಕ್ಷ ಕೋಟಿ ಲೀಟರಿಗೂ ಹೆಚ್ಚು ಬೇಕು, ಅಂಕ 12ನ್ನು ದಾಟುತ್ತದೆ. ಈ ಅಂಕವೇ ಪಿಎಚ್. ಎಚ್ ಎಂದರೆ ಜಲಜನಕ. ಪಿ ಯಾವ ಪದದ ಮೊದಲಕ್ಷರವೆಂದು ವಿದ್ವಾಂಸರು ಇಂದಿಗೂ ಜಗಳವಾಡುತ್ತಾರೆ. 7ಕ್ಕಿಂತ ಕೆಳಗೆ ಆಮ್ಲ, ಮೇಲೆ ಕ್ಷಾರ. ನೆನಪಿಡಬೇಕಾದ್ದೆಂದರೆ, ಒಂದೊಂದು ಮೆಟ್ಟಿಲಿಗೂ ಹತ್ತು ಪಟ್ಟು ವ್ಯತ್ಯಾಸ. 6ರ ದ್ರಾವಣಕ್ಕಿಂತ 4ರ ದ್ರಾವಣ ನೂರು ಪಟ್ಟು ಆಮ್ಲೀಯ. ಈ ಕೆಲಸದಲ್ಲಿ ಆತನೊಡನೆ ದುಡಿದವಳು ಪತ್ನಿ ಮಾರ್ಗ್ರೆಥೆ. ಅವಳ ಹೆಸರನ್ನು ಹೇಳುವವರು ಕಡಿಮೆ.

ಅಳೆಯುವ ಯಂತ್ರ ಸುಲಭವಾಗಿ ಕೈಗೆಟುಕಿದ್ದು ಮತ್ತೆ ನಿಂಬೆಯ ದೆಸೆಯಿಂದಲೇ. ಅಮೆರಿಕದ ಕ್ಯಾಲಿಫೋರ್ನಿಯದ ಹಣ್ಣು ಬೆಳೆಗಾರರ ಸಂಘದ ರಸಾಯನಶಾಸ್ತ್ರಜ್ಞನೊಬ್ಬನಿಗೆ ನಿಂಬೆರಸದ ಆಮ್ಲೀಯತೆಯನ್ನು ನೋಡಬೇಕಿತ್ತು. ರಸಕ್ಕೆ ಬೆರೆಸಿದ್ದ ಗಂಧಕದ ಡೈ ಆಕ್ಸೈಡ್ ಲಿಟ್ಮಸ್ಸಿನ ಬಣ್ಣವನ್ನೇ ಕೆಡಿಸುತ್ತಿತ್ತು. ಆತ ತನ್ನ ಸಹಪಾಠಿ ಆರ್ನಲ್ಡ್ ಬೆಕ್ಮನ್ನನನ್ನು ಕೇಳಿದ. ಬೆಕ್ಮನ್ 1934ರಲ್ಲಿ ಗಾಜಿನ ವಿದ್ಯುದಗ್ರವನ್ನೂ ರೇಡಿಯೊದ ಕವಾಟಗಳನ್ನೂ ಕೂಡಿಸಿ ಮುಳ್ಳು ತೋರಿಸುವ ಒಂದು ಪೆಟ್ಟಿಗೆಯನ್ನು ಮಾಡಿಕೊಟ್ಟ. ನಾಲಿಗೆಯಿಂದ ಹೂವಿಗೆ, ಹೂವಿನಿಂದ ಮುಳ್ಳಿಗೆ!

ಇಷ್ಟೆಲ್ಲ ಅಳತೆಯ ಅಗತ್ಯ ಎಲ್ಲಕ್ಕಿಂತ ಹೆಚ್ಚಾಗಿ ಇರುವುದು ನಮ್ಮ ಮೈಯೊಳಗೆ. ಜಠರದಲ್ಲಿ ಪಿಎಚ್ ಒಂದೂವರೆಯಿಂದ ಎರಡರವರೆಗೆ ಇಳಿದರೂ ಅದು ಸಹಜ. ರಕ್ತ ಮಾತ್ರ ಮಹಾ ನಿಷ್ಠುರ: 7.35ರಿಂದ 7.45, ಅದರಾಚೆ ಈಚೆ ಹೋಗಲು ಬಿಡದು. 6.8ರ ಸುಮಾರಿಗೆ ಇಳಿದರೆ ಬದುಕುವುದು ಕಷ್ಟ. ನಾವು ತಿಂದ ಅನ್ನವೆಲ್ಲ ದೇಹದಲ್ಲಿ ಉರಿದು ಇಂಗಾಲದ ಡೈ ಆಕ್ಸೈಡ್ ಆಗುತ್ತದೆ, ಅದು ನೀರಿನೊಡನೆ ಸೇರಿ ಆಮ್ಲವಾಗುತ್ತದೆ. ಅದನ್ನು ಕ್ಷಣಕ್ಷಣವೂ ಉಸಿರಿನಲ್ಲಿ ಹೊರಗೆ ಹಾಕುವುದು ಶ್ವಾಸಕೋಶ, ಉಳಿದ ಲೆಕ್ಕವನ್ನು ನಿಧಾನವಾಗಿ ಸರಿದೂಗಿಸುವುದು ಮೂತ್ರಪಿಂಡ. ಇಂದು ಮಹಾನಗರಗಳ ಅಂಗಡಿಗಳಲ್ಲಿ ರಕ್ತವನ್ನು ಕ್ಷಾರೀಯ ಮಾಡುತ್ತೇವೆಂದು ದುಬಾರಿ ಬೆಲೆಯ ಕ್ಷಾರಜಲದ ಸೀಸೆಗಳನ್ನು ಮಾರುತ್ತಾರೆ. ಆ ನೀರು ಜಠರದ ಆಮ್ಲವನ್ನು ಮುಟ್ಟುತ್ತಲೇ ತನ್ನ ಕ್ಷಾರವನ್ನು ಕಳೆದುಕೊಳ್ಳುತ್ತದೆ. ರಕ್ತಕ್ಕೆ ಅದರ ಸುದ್ದಿಯೂ ಮುಟ್ಟುವುದಿಲ್ಲ.

ರಕ್ತದ ಈ ಲೆಕ್ಕಕ್ಕೆ ಸೂತ್ರ ಕೊಟ್ಟವರಲ್ಲಿ ಒಬ್ಬನಾದ ಹ್ಯಾಸೆಲ್‌ಬಾಲ್ಕನೂ ಕೋಪನ್‌ಹೇಗನ್ನಿನವನೇ. ಪಿಎಚ್‌ಗೆ ತವರೂರಿನಂತಿದ್ದ ಆ ನಗರಕ್ಕೆ 1952ರ ಬೇಸಿಗೆಯಲ್ಲಿ ಪೋಲಿಯೊ ಮಾರಿ ಎರಗಿತು. ಅಂದಿಗೆ ಲಸಿಕೆ ಬಂದಿರಲಿಲ್ಲ. ಸಾಂಕ್ರಾಮಿಕ ರೋಗಗಳ ಬ್ಲೆಗ್ಡಾಮ್ ಆಸ್ಪತ್ರೆಗೆ ದಿನದಿನವೂ ಹತ್ತಾರು ರೋಗಿಗಳು, ಬಹಳ ಮಂದಿ ಮಕ್ಕಳು. ಉಸಿರಾಟದ ಸ್ನಾಯುಗಳೇ ಸೋತವರನ್ನು ಇಡಲು ಆಸ್ಪತ್ರೆಯಲ್ಲಿದ್ದುದು ದೊಡ್ಡ ಉಸಿರಾಟದ ಪೆಟ್ಟಿಗೆ ಒಂದು, ಎದೆಗೆ ಕಟ್ಟುವ ಸಣ್ಣವು ಆರು. ಮೊದಲ ಮೂರು ವಾರಗಳಲ್ಲಿ ಅವುಗಳಲ್ಲಿಟ್ಟ 31 ಮಂದಿಯಲ್ಲಿ 27 ಮಂದಿ ಸತ್ತರು.

ರೋಗಿಗಳ ಮೈಬಣ್ಣ ನೀಲಿಗಟ್ಟಿರಲಿಲ್ಲ, ಏಕೆಂದರೆ ಆಕ್ಸಿಜನ್ ಕೊಡುತ್ತಿದ್ದರು. ಆದರೂ ಮೈ ಬೆವರಿ, ರಕ್ತದೊತ್ತಡ ಏರಿ, ಪ್ರಜ್ಞೆ ತಪ್ಪಿ ಸಾಯುತ್ತಿದ್ದರು. ರಕ್ತದ ಪರೀಕ್ಷೆಯಲ್ಲಿ ಇಂಗಾಲದ ಡೈ ಆಕ್ಸೈಡಿನ ಒಟ್ಟು ಮೊತ್ತ ಬಹಳ ಹೆಚ್ಚಾಗಿ ಕಾಣುತ್ತಿತ್ತು. ಈ ಅನಿಲ ರಕ್ತದಲ್ಲಿ ಬಹುಪಾಲು ಬೈಕಾರ್ಬೊನೇಟ್ ಎಂಬ ಕ್ಷಾರದ ರೂಪದಲ್ಲಿ ಇರುತ್ತದೆ. ಆದ್ದರಿಂದ ಮೊತ್ತ ಹೆಚ್ಚಾದರೆ ಕ್ಷಾರ ಹೆಚ್ಚಿದೆಯೆಂದು ಓದುವುದು ರೂಢಿ. ಕಾರಣ ತಿಳಿಯದ ಕ್ಷಾರಾಧಿಕ್ಯ ಎಂದು ಅಲ್ಲಿನ ಅನುಭವಿ ವೈದ್ಯರು ತೀರ್ಮಾನಿಸಿದರು. ಪೋಲಿಯೊ ಮೆದುಳನ್ನು ಮುಟ್ಟಿದೆ, ಇನ್ನು ಮಾಡುವುದೇನೂ ಇಲ್ಲ ಎಂಬ ನಿರಾಶೆ ಕವಿಯಿತು.

ಆಗಸ್ಟ್ 25ರಂದು ಮುಖ್ಯವೈದ್ಯ ಲಾಸೆನ್ ಕರೆದ ಸಭೆಗೆ ಹೊರಗಿನಿಂದ ಒಬ್ಬ ಅರಿವಳಿಕೆ ವೈದ್ಯ ಬಂದ. ಹೆಸರು ಬ್ಯೋರ್ನ್ ಇಬ್ಸೆನ್. ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಉಸಿರು ಕುಗ್ಗಿದ ರೋಗಿಗಳನ್ನು ದಿನವೂ ನೋಡುವವನಿಗೆ ಆ ಬೆವರು, ಆ ರಕ್ತದೊತ್ತಡ ಪರಿಚಿತವಾಗಿದ್ದವು. ಆತನ ಮಾತು ಇಷ್ಟೇ: ಇದು ಕ್ಷಾರವಲ್ಲ, ಆಮ್ಲ. ಪೆಟ್ಟಿಗೆಗಳು ಉಸಿರನ್ನು ಪೂರ್ತಿ ಹೊರಗೆ ಹಾಕಿಸುತ್ತಿಲ್ಲ. ಆಕ್ಸಿಜನ್ ಒಳಗೆ ಹೋಗುತ್ತಿದೆ, ಇಂಗಾಲದ ಡೈ ಆಕ್ಸೈಡ್ ಹೊರಗೆ ಬರುತ್ತಿಲ್ಲ. ರೋಗಿಗಳು ಸಾಯುತ್ತಿರುವುದು ತಮ್ಮದೇ ಆಮ್ಲದಿಂದ. ಒಟ್ಟು ಮೊತ್ತವನ್ನು ನೋಡಿ ಹೇಳಲಾಗದ್ದನ್ನು ರಕ್ತದ ಪಿಎಚ್ ಒಂದೇ ಹೇಳಬಲ್ಲದಾಗಿತ್ತು. ಅದನ್ನು ಯಾರೂ ಅಳೆದಿರಲಿಲ್ಲ.

ಎರಡು ದಿನ ಬಿಟ್ಟು, ಆಗಸ್ಟ್ 27ರಂದು, ಕೈಕಾಲುಗಳೆಲ್ಲ ಸೋತು ಸಾವಿನಂಚಿನಲ್ಲಿದ್ದ ಹನ್ನೆರಡು ವರ್ಷದ ಒಬ್ಬ ಹುಡುಗಿಯ ಕಂಠಕ್ಕೆ ರಂಧ್ರ ಮಾಡಿಸಿ ಕೊಳವೆ ತೂರಿಸಿದರು. ಮೊದಲು ಎಲ್ಲವೂ ಕೆಟ್ಟಂತೆಯೇ ತೋರಿತು. ಆಕೆಯ ಶ್ವಾಸನಾಳಗಳು ಬಿಗಿದುಕೊಂಡು ಗಾಳಿ ಹೋಗದಾಯಿತು. ಇಬ್ಸೆನ್ ಅರಿವಳಿಕೆಯ ಮದ್ದು ಕೊಟ್ಟು ಅವಳ ಒದ್ದಾಟವನ್ನು ನಿಲ್ಲಿಸಿ, ರಬ್ಬರಿನ ಚೀಲವನ್ನು ಕೈಯಿಂದ ಒತ್ತುತ್ತ ಗಾಳಿ ತುಂಬತೊಡಗಿದ. ಇಂಗಾಲದ ಡೈ ಆಕ್ಸೈಡ್ ಇಳಿಯಿತು, ಬೆವರು ನಿಂತಿತು, ರಕ್ತದೊತ್ತಡ ಸರಿಹೋಯಿತು. ಮತ್ತೆ ಎದೆಯ ಪೆಟ್ಟಿಗೆಗೆ ಹಾಕಿ ನೋಡಿದರು, ಅನಿಲ ಏರಿತು. ಚೀಲಕ್ಕೆ ಮರಳಿದರು, ಇಳಿಯಿತು. ಪ್ರಯೋಗಾಲಯದ ಪೌಲ್ ಆಸ್ಟ್ರುಪ್ ಕೋಪನ್‌ಹೇಗನ್ನಿನದೇ ಆದ ರೇಡಿಯೋಮೀಟರ್ ಕಂಪನಿಯ ಪಿಎಚ್ ಯಂತ್ರದಲ್ಲಿ ಇಂಥ ರೋಗಿಗಳ ರಕ್ತವನ್ನು ಅಳೆದು ನೋಡಿದಾಗ ಮುಳ್ಳು ಆಮ್ಲದ ಕಡೆಗೇ ತೋರಿಸಿತು. ಇಬ್ಸೆನ್ನನ ಮಾತು ನಿಂತಿತು.

ಆ ಹುಡುಗಿ ಬದುಕಿದಳು. ಆದರೆ ಚೀಲಗಳನ್ನು ಒತ್ತಲು ಯಂತ್ರಗಳಿರಲಿಲ್ಲ. ವೈದ್ಯವಿದ್ಯಾರ್ಥಿಗಳನ್ನು ಕರೆದರು. ಅಲ್ಲಿಂದ ಕೆಲವು ತಿಂಗಳು ಸುಮಾರು 1500 ಮಂದಿ ವಿದ್ಯಾರ್ಥಿಗಳು ಪಾಳಿಯ ಮೇಲೆ ರೋಗಿಗಳ ತಲೆಯ ಬಳಿ ಕುಳಿತು ಹಗಲೂ ಇರುಳೂ ಕೈಯಿಂದ ಉಸಿರೂಡಿದರು. ಒಮ್ಮೊಮ್ಮೆ ಒಂದೇ ಹೊತ್ತಿಗೆ ಎಪ್ಪತ್ತು ಹಾಸಿಗೆಗಳಲ್ಲಿ ಹೀಗೆ ಚೀಲಗಳು ಉಬ್ಬಿ ಇಳಿಯುತ್ತಿದ್ದವು. ಹತ್ತರಲ್ಲಿ ಒಂಬತ್ತರ ಹತ್ತಿರವಿದ್ದ ಸಾವಿನ ಪ್ರಮಾಣ ಅರ್ಧಕ್ಕಿಂತ ಕೆಳಗಿಳಿಯಿತು. ಮರುವರ್ಷ, 1953ರ ಡಿಸೆಂಬರಿನಲ್ಲಿ, ಇಬ್ಸೆನ್ ಅದೇ ನಗರದ ಪುರಸಭೆಯ ಆಸ್ಪತ್ರೆಯಲ್ಲಿ ಇಂಥ ರೋಗಿಗಳನ್ನು ಒಂದೆಡೆ ಸೇರಿಸಿ ದಿನವಿಡೀ ನೋಡಿಕೊಳ್ಳುವ ವಾರ್ಡನ್ನು ತೆರೆದ. ಇಂದು ನಾವು ಐಸಿಯು ಎನ್ನುವ ತೀವ್ರನಿಗಾ ಘಟಕದ ಮೂಲರೂಪ ಅದು. ಆಸ್ಟ್ರುಪ್ ರಕ್ತದ ಆಮ್ಲ ಕ್ಷಾರಗಳನ್ನು ಬೇಗನೆ ಅಳೆಯುವ ವಿಧಾನವನ್ನು ರೂಪಿಸುವ ಕೆಲಸಕ್ಕೆ ಕೈಹಾಕಿದ. ಇಂದು ಐಸಿಯುವಿನಲ್ಲಿರುವ ರೋಗಿಯ ಧಮನಿಯಿಂದ ರಕ್ತ ತೆಗೆದು ಮಾಡುವ ಪರೀಕ್ಷೆಯ ಚೀಟಿಯಲ್ಲಿ ಪಿಎಚ್ ಒಂದು ಸಾಲು, ಇಂಗಾಲದ ಡೈ ಆಕ್ಸೈಡ್ ಒಂದು ಸಾಲು, ನಮ್ಮ ಆಮ್ಲಜನಕ ಇನ್ನೊಂದು ಸಾಲು.